ಲಕ್ಷದ್ವೀಪದ ಮತಪೆಟ್ಟಿಗೆ: ದೇಶದ ಅತಿ ಚಿಕ್ಕ ಲೋಕಸಭಾ ಕ್ಷೇತ್ರದ ಚುನಾವಣಾ ಚರಿತ್ರೆ

1956ರ ನವೆಂಬರ್ 1ರಂದು ನಮ್ಮ ದಕ್ಷಿಣ ಕನ್ನಡ ಜಿಲ್ಲೆ ತನ್ನ ಎರಡು ಭಾಗಗಳನ್ನು ಕಳೆದುಕೊಂಡಿತು. ಒಂದು ಯಾವುದೆಂದು ಈ ಸಭಾಂಗಣದಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಅದು ಕಾಸರಗೋಡು. ಅದಕ್ಕಾಗಿ ಹೋರಾಟ ನಡೆದಿದೆ, ಕವಿತೆಗಳು ಹುಟ್ಟಿವೆ, ಮಹಾಜನ ವರದಿಯ ಮಾತನ್ನು ನಾವು ಇಂದಿಗೂ ಎತ್ತುತ್ತಲೇ ಇರುತ್ತೇವೆ. ಎರಡನೆಯದರ ಹೆಸರು ಕೇಳಿದರೆ ಸಭೆ ಸ್ವಲ್ಪ ಯೋಚಿಸಬೇಕಾಗುತ್ತದೆ. ಅಮಿನಿ, ಕಡಮತ್, ಕಿಲ್ತಾನ್, ಚೆಟ್ಲಾತ್ ಮತ್ತು ಬಿತ್ರ ಎಂಬ ಐದು ಜನವಸತಿಯ ದ್ವೀಪಗಳ ಅಮಿನ್‌ದಿವಿ ಗುಂಪು ಅದು. ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ಮಂಗಳೂರಿನ ಕಲೆಕ್ಟರರ ಕೈಕೆಳಗಿದ್ದ ಈ ದ್ವೀಪಗಳು ಅಂದು ಮಲಬಾರ್ ಜಿಲ್ಲೆಯಿಂದ ಬಿಡಿಸಿದ ಲಕ್ಕದೀವ್ ಮತ್ತು ಮಿನಿಕಾಯ್ ದ್ವೀಪಗಳೊಂದಿಗೆ ಸೇರಿ ಒಂದು ಕೇಂದ್ರಾಡಳಿತ ಪ್ರದೇಶವಾದವು. 1973ರಲ್ಲಿ ಅದಕ್ಕೆ ಲಕ್ಷದ್ವೀಪವೆಂದು ಹೆಸರಾಯಿತು. ಇಂದು ನಾನು ಮಾತನಾಡಬೇಕೆಂದಿರುವುದು ಆ ಪ್ರದೇಶದ ಒಂದೇ ಒಂದು ಲೋಕಸಭಾ ಕ್ಷೇತ್ರದ ಬಗ್ಗೆ. ಅರ್ಧದಷ್ಟು ದ್ವೀಪಗಳು ಒಂದು ಕಾಲಕ್ಕೆ ನಮ್ಮ ಜಿಲ್ಲೆಯವೇ ಆಗಿದ್ದವೆಂಬ ಕಾರಣಕ್ಕಾದರೂ ಇದು ಪರದೇಶದ ಕಥೆಯಲ್ಲ.

ಈ ನಂಟು ಹೇಗೆ ಬಂತು ಎಂಬುದನ್ನು ಚುರುಕಾಗಿ ಹೇಳಿ ಮುಂದೆ ಹೋಗುತ್ತೇನೆ. ದ್ವೀಪಗಳೆಲ್ಲ ಕಣ್ಣೂರಿನ ಅರಕ್ಕಲ್ ಮನೆತನದ ಆಡಳಿತದಲ್ಲಿದ್ದವು. ಆ ಆಡಳಿತದ ಹುರಿ ವ್ಯಾಪಾರದ ಏಕಸ್ವಾಮ್ಯದಿಂದ ಬೇಸತ್ತ ಅಮಿನಿಯ ಕೆಲವರು 1780ರ ದಶಕದಲ್ಲಿ ಮಂಗಳೂರಿಗೆ ಬಂದು, ತಮ್ಮನ್ನು ನೋಡಿಕೊಳ್ಳಬೇಕೆಂದು ಟಿಪ್ಪು ಸುಲ್ತಾನನನ್ನು ಕೇಳಿಕೊಂಡರು. ಅಮಿನಿ ಗುಂಪು ಟಿಪ್ಪುವಿನ ವಶಕ್ಕೆ ಬಂತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಈ ದ್ವೀಪಗಳು ಕಂಪನಿಯ ಕೈಸೇರಿದವು, ಮಂಗಳೂರಿನಿಂದಲೇ ಆಡಳಿತ ನಡೆಯಿತು. ಒಡೆಯರು ಬದಲಾದರೂ ಹುರಿಯ ಏಕಸ್ವಾಮ್ಯ ಮಾತ್ರ ಬದಲಾಗಲಿಲ್ಲ. ದ್ವೀಪದ ಹೆಂಗಸರು ತೆಂಗಿನ ಸಿಪ್ಪೆಯನ್ನು ತಿಂಗಳುಗಟ್ಟಲೆ ಕಡಲ ಅಂಚಿನ ಗುಂಡಿಗಳಲ್ಲಿ ಕೊಳೆಹಾಕಿ, ಬಡಿದು, ನಾರು ತೆಗೆದು ಹೊಸೆದ ಹುರಿ ಓಡಗಳಲ್ಲಿ ಮಂಗಳೂರಿನ ಸರ್ಕಾರಿ ಉಗ್ರಾಣಕ್ಕೆ ಬರುತ್ತಿತ್ತು. ಸರ್ಕಾರವೇ ನಿಗದಿ ಮಾಡಿದ ದರದಲ್ಲಿ ಅದರ ಬದಲಿಗೆ ಅಕ್ಕಿ ಸಿಗುತ್ತಿತ್ತು. ಅಕ್ಕಿ ಬೆಳೆಯದ ಊರಿಗೆ ಅಕ್ಕಿ ಕೊಡುವವನೇ ದೊರೆ. ಜಿಲ್ಲೆಯ ಕಡೆಯಿಂದ ಅಮಿನಿಯಲ್ಲಿ ಮೊನೆಗಾರ ಎಂಬ ಅಧಿಕಾರಿಯಿರುತ್ತಿದ್ದ. ನ್ಯಾಯ ಹೇಳುವವನೂ ಕಂದಾಯ ನೋಡುವವನೂ ಅವನೇ. ಊರಿನ ಹಿರಿಯ ಮನೆತನಗಳ ಯಜಮಾನರು, ಅಂದರೆ ಕಾರಣವರು, ಅವನ ಪಕ್ಕದಲ್ಲಿ ಕುಳಿತು ಸಲಹೆ ಕೊಡುತ್ತಿದ್ದರು. ಈ ಚಿತ್ರವನ್ನು ನೀವು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಕಡಲಾಚೆಯಿಂದ ಬಂದ ಒಬ್ಬ ಅಧಿಕಾರಿ ಮತ್ತು ಅವನ ಮುಂದೆ ಊರಿನ ಪರವಾಗಿ ಮಾತನಾಡಲು ಒಬ್ಬ ಹಿರಿಯ. ನನ್ನ ತಿಳುವಳಿಕೆಯಲ್ಲಿ, ಲಕ್ಷದ್ವೀಪದ ಮತದಾರ ಇಂದಿಗೂ ಆರಿಸುತ್ತಿರುವುದು ಆ ಎರಡನೆಯ ವ್ಯಕ್ತಿಯನ್ನು.

ಕ್ಷೇತ್ರದ ಅಳತೆಯನ್ನು ಒಮ್ಮೆ ನೋಡೋಣ. ಹತ್ತು ಜನವಸತಿಯ ದ್ವೀಪಗಳು. ಮೊದಲು ಹೇಳಿದ ಐದರ ಜೊತೆಗೆ ಕವರತ್ತಿ, ಅಗತ್ತಿ, ಆಂಡ್ರೋತ್, ಕಲ್ಪೇನಿ ಮತ್ತು ಮಿನಿಕಾಯ್. ನೆಲವೆಲ್ಲ ಸೇರಿದರೆ 32 ಚದರ ಕಿಲೋಮೀಟರ್. ಆದರೆ ಉತ್ತರದ ಚೆಟ್ಲಾತಿನಿಂದ ದಕ್ಷಿಣದ ಮಿನಿಕಾಯಿಗೆ ಹೋಗಬೇಕಾದರೆ 350 ಕಿಲೋಮೀಟರಿಗೂ ಹೆಚ್ಚು ಕಡಲು ದಾಟಬೇಕು. ಅಂದರೆ ಮಂಗಳೂರಿನಲ್ಲಿ ಒಂದು ಮತಗಟ್ಟೆ, ಬೆಂಗಳೂರಿನಲ್ಲಿ ಇನ್ನೊಂದು, ನಡುವೆ ಬರೀ ನೀರು. 2011ರ ಜನಗಣತಿಯ ಪ್ರಕಾರ ಜನಸಂಖ್ಯೆ ಅರವತ್ತನಾಲ್ಕು ಸಾವಿರದ ಆಸುಪಾಸು. 2024ರ ಚುನಾವಣೆಯಲ್ಲಿ ಮತದಾರರು ಸುಮಾರು 58 ಸಾವಿರ. ನಮ್ಮ ರಾಜ್ಯದ ಒಂದು ಸಾಧಾರಣ ವಿಧಾನಸಭಾ ಕ್ಷೇತ್ರದ ಕಾಲು ಭಾಗ ಇದು. ಅದೇ ಚುನಾವಣೆಯಲ್ಲಿ ಬೆಂಗಳೂರು ಉತ್ತರ ಕ್ಷೇತ್ರದ ಮತದಾರರು ಮೂವತ್ತೆರಡು ಲಕ್ಷದಷ್ಟಿದ್ದರು. ಯಶವಂತಪುರದ ಮತದಾರನೊಬ್ಬನಿಗೆ ತನ್ನ ಒಂದು ಮತದಿಂದ ಏನಾದೀತು ಎಂಬ ಉದಾಸೀನ ಬಂದರೆ ಅದಕ್ಕೆ ಅರ್ಥವಿದೆ. ಆಂಡ್ರೋತಿನವನಿಗೆ ಆ ಸೌಲಭ್ಯವಿಲ್ಲ. ಇತ್ತೀಚಿನ ಚುನಾವಣೆಗಳಲ್ಲಿ ಅಲ್ಲಿನ ಮತದಾನ ಶೇಕಡ 84ಕ್ಕಿಂತ ಕೆಳಗಿಳಿದಿಲ್ಲ.

ಇಷ್ಟು ಚಿಕ್ಕದಕ್ಕೆ ಒಂದು ಲೋಕಸಭಾ ಸ್ಥಾನ ಯಾಕೆ ಎಂದು ಕೇಳುವವರಿದ್ದಾರೆ. ಜನಸಂಖ್ಯೆಯ ಲೆಕ್ಕದಲ್ಲಿ ನೋಡಿದರೆ ಪ್ರಶ್ನೆ ನ್ಯಾಯವಾದದ್ದೇ. ಆದರೆ ಲಕ್ಷದ್ವೀಪಕ್ಕೆ ವಿಧಾನಸಭೆ ಇಲ್ಲ, ಮುಖ್ಯಮಂತ್ರಿ ಇಲ್ಲ, ರಾಜ್ಯಸಭೆಯಲ್ಲಿ ಸ್ಥಾನವಿಲ್ಲ. ಪಂಚಾಯತಿಗಳಿಗೂ ಮೊದಲ ಚುನಾವಣೆ ನಡೆದದ್ದು 1997ರ ಕೊನೆಯಿಂದೀಚೆಗೆ. ಉಳಿದಂತೆ ದೆಹಲಿ ನೇಮಿಸಿದ ಅಡ್ಮಿನಿಸ್ಟ್ರೇಟರ್ ಇದ್ದಾರೆ, ಮತ್ತು ಅವರ ಎದುರಿಗೆ ಜನ ಆರಿಸಿದ ಒಬ್ಬ ಸಂಸದ. ಕರ್ನಾಟಕದಲ್ಲಿ ನಮ್ಮ ಅಸಮಾಧಾನ ಪಂಚಾಯತಿ ಸದಸ್ಯನಿಂದ ಸಂಸದನವರೆಗೆ ಹತ್ತು ಕಡೆ ಹಂಚಿಹೋಗುತ್ತದೆ. ಅಲ್ಲಿ ಎಲ್ಲವೂ ಒಂದೇ ಬಾಗಿಲಿಗೆ ಹೋಗಿ ನಿಲ್ಲುತ್ತದೆ. ಹಡಗಿನ ಟಿಕೆಟ್ ಸಿಗಲಿಲ್ಲ, ರೋಗಿಯನ್ನು ಕೊಚ್ಚಿಗೆ ಸಾಗಿಸಲು ಹೆಲಿಕಾಪ್ಟರ್ ಬರಲಿಲ್ಲ, ಮಗನಿಗೆ ಕಾಲೇಜು ಸೀಟಾಗಲಿಲ್ಲ ಎಂಬವೆಲ್ಲ ಸಂಸದನ ಕೆಲಸಗಳೇ.

ಮೊದಲ ಹತ್ತು ವರ್ಷ ಈ ಬಾಗಿಲನ್ನೂ ಜನ ಆರಿಸಲಿಲ್ಲ. 1957 ಮತ್ತು 1962ರ ಲೋಕಸಭೆಗಳಿಗೆ ದ್ವೀಪಗಳ ಪ್ರತಿನಿಧಿಯಾಗಿ ಕೆ. ನಲ್ಲಕೋಯ ತಂಙಳರನ್ನು ರಾಷ್ಟ್ರಪತಿಗಳು ನಾಮಕರಣ ಮಾಡಿದರು. ಅಂಡಮಾನ್ ಮತ್ತು ನಿಕೋಬಾರಿನಲ್ಲೂ ಇದೇ ಕ್ರಮ. ಅಲ್ಲಿಂದ ಮೊದಲ ಲೋಕಸಭೆಗೆ ನಾಮಕರಣಗೊಂಡವರು ಕಾರ್ ನಿಕೋಬಾರಿನ ಬಿಷಪ್ ಜಾನ್ ರಿಚರ್ಡ್‌ಸನ್. ಒಂದು ಕಡೆ ತಂಙಳ್, ಇನ್ನೊಂದು ಕಡೆ ಬಿಷಪ್. ಸ್ವತಂತ್ರ ಭಾರತದ ಸರ್ಕಾರವೂ ದ್ವೀಪವೆಂದೊಡನೆ ಊರಿನ ಗೌರವಾನ್ವಿತ ಹಿರಿಯನನ್ನೇ ಹುಡುಕಿತೆಂದರೆ, ಮೊನೆಗಾರನ ಪಕ್ಕದ ಕಾರಣವರ ಪದ್ಧತಿ ಅಷ್ಟು ಬೇಗ ಹೋಗಿರಲಿಲ್ಲವೆಂದೇ ಹೇಳಬೇಕು. ಎರಡೂ ಕಡೆ ಜನ ನೇರವಾಗಿ ಮತ ಹಾಕಿದ್ದು 1967ರಲ್ಲಿ. ದೇಶ ನಾಲ್ಕನೆಯ ಮಹಾ ಚುನಾವಣೆಗೆ ಹೋಗುವಾಗ ಇವರಿಗೆ ಅದು ಮೊದಲನೆಯದು.

ಅದಕ್ಕೆ ಎರಡು ವರ್ಷ ಮೊದಲು ನಡೆದ ಒಂದು ಸಂಗತಿಯನ್ನು ಸೇರಿಸದೆ ಮುಂದೆ ಹೋಗಬಾರದು. ದ್ವೀಪದ ಸಮಾಜದಲ್ಲಿ ಭೂಮಿಯೂ ಓಡಗಳೂ ಕೋಯ ಮನೆತನಗಳ ಕೈಯಲ್ಲಿದ್ದವು. ಓಡ ನಡೆಸುವವರು ಮಾಲ್ಮಿಗಳು. ತೆಂಗು ಹತ್ತಿ ಕಾಯಿ ಇಳಿಸುವ ಮೇಲಾಚೇರಿಗಳು ಕೋಯರ ಗೇಣಿಯಾಳುಗಳು. ಎಲ್ಲರೂ ಮುಸ್ಲಿಮರು, ಎಲ್ಲರೂ ಒಂದೇ ಮಸೀದಿಯ ಬಾಂಗಿಗೆ ಏಳುವವರು, ಆದರೂ ಈ ತಾರತಮ್ಯ ಗಟ್ಟಿಯಾಗಿತ್ತು. 1965ರಲ್ಲಿ ಬಂದ ಭೂಕಂದಾಯ ಮತ್ತು ಗೇಣಿ ನಿಯಮಾವಳಿ ಗೇಣಿದಾರನಿಗೆ ನೆಲದ ಮೇಲೆ ಹಕ್ಕಿನ ದಾರಿ ತೆರೆಯಿತು. ಮರ ಹತ್ತುವವನು ಮರದ ಒಡೆಯನ ಮುಂದೆ ಮೊದಲ ಸಲ ನೆಟ್ಟಗೆ ನಿಂತದ್ದಕ್ಕೂ ಮೊದಲ ಸಲ ಮತ ಹಾಕಿದ್ದಕ್ಕೂ ನಡುವೆ ಇದ್ದ ಅಂತರ ಎರಡೇ ವರ್ಷ. ನಮ್ಮಲ್ಲಿ ಮತ ಮೊದಲು ಬಂತು, ಉಳುವವನಿಗೆ ಭೂಮಿ ಬಂದದ್ದು ಎಪ್ಪತ್ತರ ದಶಕದಲ್ಲಿ. ಅಲ್ಲಿ ಕ್ರಮ ತಿರುವುಮುರುವು.

1967ರಲ್ಲಿ ಗೆದ್ದವರು ಆಂಡ್ರೋತಿನ ಪಿ.ಎಂ. ಸಯೀದ್. ಹುಟ್ಟಿದ್ದು 1941ರ ಮೇ ತಿಂಗಳಲ್ಲಿ. ಲೋಕಸಭೆಗೆ ನಿಲ್ಲಲು ಬೇಕಾದ ಇಪ್ಪತ್ತೈದು ವರ್ಷ ತುಂಬಿ ಇನ್ನೊಂದು ವರ್ಷ ಆಗಿರಲಿಲ್ಲ. ನಿಮ್ಮ ಗಮನಕ್ಕೆ ತರಬೇಕಾದ ಮಾತೊಂದಿದೆ. ಇವರು ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ ಓದಿದವರು, ಅನಂತರ ಮುಂಬೈಗೆ ಹೋಗಿ ಕಾನೂನು ಕಲಿತವರು. ದ್ವೀಪದಲ್ಲಿ ಶಾಲೆಯ ಮುಂದಿನ ಓದು ಇಲ್ಲದ ಕಾಲದಲ್ಲಿ ಓಡ ಹತ್ತಿ ‘ಕರೆ’ಗೆ ಬಂದು ಕಲಿತ ಮೊದಲ ತಲೆಮಾರು ಅವರದು. ಮುಖ್ಯ ನೆಲವನ್ನು ದ್ವೀಪದವರು ಕರೆ ಎನ್ನುತ್ತಾರೆ, ದಡ ಎಂಬ ಅರ್ಥದಲ್ಲಿ. ಕರೆಯ ಭಾಷೆ, ಕರೆಯ ಕಚೇರಿ, ಕರೆಯ ಕಾನೂನು ಗೊತ್ತಿದ್ದವನು ಅಧಿಕಾರಿಯ ಮುಂದೆ ಮಾತನಾಡಬಲ್ಲ. ಜನ ಆರಿಸಿದ್ದು ಹಿರಿಯನನ್ನಲ್ಲ, ಓದಿದ ತರುಣನನ್ನು. ಆದರೆ ಅವನಿಂದ ನಿರೀಕ್ಷಿಸಿದ ಕೆಲಸ ಮಾತ್ರ ಕಾರಣವರದೇ.

ಸಯೀದ್ ಪಕ್ಷೇತರರಾಗಿ ಗೆದ್ದರು, ಅನಂತರ ಕಾಂಗ್ರೆಸ್ ಸೇರಿದರು. 1971ರಲ್ಲಿ ಅವರೆದುರು ಯಾರೂ ನಿಲ್ಲಲೇ ಇಲ್ಲ. ಇಂದಿರಾ ಗಾಂಧಿಯವರ ಹೆಸರಿನಲ್ಲಿ ದೇಶವೇ ಎದ್ದು ನಿಂತಿದ್ದ ಆ ಚುನಾವಣೆಯಲ್ಲಿ ಅವಿರೋಧವಾಗಿ ಆಯ್ಕೆಯಾದ ಏಕೈಕ ಸಂಸದ ಅವರು. ಅಲ್ಲಿಂದ ಮುಂದೆ 1977, 1980, 1984, 1989, 1991, 1996, 1998, 1999. ಒಟ್ಟು ಸತತ ಹತ್ತು ಗೆಲುವು. ನಮ್ಮಲ್ಲಿ ಕೋಲಾರದಿಂದ ಕೆ.ಎಚ್. ಮುನಿಯಪ್ಪನವರು ಸತತ ಏಳು ಬಾರಿ ಗೆದ್ದದ್ದನ್ನೇ ನಾವು ದೊಡ್ಡ ದಾಖಲೆಯೆಂದು ಹೇಳುತ್ತೇವೆ, ಅದು ದೊಡ್ಡದೇ ಹೌದು. ಸಯೀದರು ಅದಕ್ಕೂ ಮೂರು ಹೆಜ್ಜೆ ಮುಂದಿದ್ದರು.

ಈ ಪಟ್ಟಿಯಲ್ಲಿ ನಾನು ನಿಲ್ಲಬೇಕೆಂದಿರುವುದು 1980ರಲ್ಲಿ, ಯಾಕೆಂದರೆ ಅದರಲ್ಲಿ ನಮಗೆ ಸಂಬಂಧಿಸಿದ ಒಂದು ತಮಾಷೆ ಇದೆ. ದೇವರಾಜ ಅರಸರು ಇಂದಿರಾ ಗಾಂಧಿಯವರಿಂದ ಬೇರೆಯಾಗಿ, ಕಾಂಗ್ರೆಸ್ಸಿನ ಇನ್ನೊಂದು ಬಣಕ್ಕೆ ಅಧ್ಯಕ್ಷರಾಗಿ, ಅದಕ್ಕೆ ಅವರ ಹೆಸರಿನ ಮೊದಲಕ್ಷರವೇ ಅಂಟಿಕೊಂಡು ಕಾಂಗ್ರೆಸ್ (ಯು) ಆದ ಕಾಲ. 1980ರ ಜನವರಿಯ ಲೋಕಸಭಾ ಚುನಾವಣೆಯಲ್ಲಿ ಕರ್ನಾಟಕದ 28 ಸ್ಥಾನಗಳಲ್ಲಿ ಇಂದಿರಾ ಕಾಂಗ್ರೆಸ್ಸಿಗೆ 27, ಜನತಾ ಪಕ್ಷಕ್ಕೆ 1. ಅರಸರ ಪಕ್ಷಕ್ಕೆ ಅವರ ತವರಿನಲ್ಲಿ ಸೊನ್ನೆ. ಆದರೆ ಲಕ್ಷದ್ವೀಪದಲ್ಲಿ ಸಯೀದರು ಗೆದ್ದದ್ದು ಅದೇ ಕಾಂಗ್ರೆಸ್ (ಯು) ಅಭ್ಯರ್ಥಿಯಾಗಿ. ಹುಣಸೂರಿನ ಅರಸರಿಗೆ ಮೈಸೂರು ಕೈಕೊಟ್ಟಾಗ ಅರಬ್ಬಿ ಸಮುದ್ರ ಒಂದು ಸ್ಥಾನ ಕೊಟ್ಟಿತು. ದ್ವೀಪದ ಮತದಾರರಿಗೆ ಅರಸರ ಮೇಲಿನ ಪ್ರೀತಿಯಿಂದ ಇದು ಆಯಿತೆಂದು ನಾನು ಹೇಳಿದರೆ ನೀವು ನಗುತ್ತೀರಿ. ಅವರು ಮತ ಹಾಕಿದ್ದು ಸಯೀದರಿಗೆ. ಅವರು ಯಾವ ಚಿಹ್ನೆಯಡಿ ನಿಂತರೆ ಜನರ ಕೈ ಆ ಚಿಹ್ನೆಯ ಮೇಲೆ ಹೋಗುತ್ತಿತ್ತು.

ಆ ಕಾಲದಿಂದಲೂ ದ್ವೀಪದ ರಾಜಕೀಯದಲ್ಲಿ ಇರುವುದು ಎರಡು ಬಣ. ಸಯೀದರ ಬಣ ಒಂದು, ಅವರ ಎದುರು ಹಲವು ಚುನಾವಣೆಗಳಲ್ಲಿ ನಿಂತು ಸೋತ ವೈದ್ಯ ಡಾ. ಕೆ.ಕೆ. ಮೊಹಮ್ಮದ್ ಕೋಯ ಅವರ ಸುತ್ತ ಬೆಳೆದ ಬಣ ಇನ್ನೊಂದು. ಈ ಎರಡನೆಯ ಬಣ ಕಾಲಕಾಲಕ್ಕೆ ಬೇರೆ ಬೇರೆ ಪಕ್ಷಗಳ ಹೆಸರಿನಲ್ಲಿ ಕಣಕ್ಕಿಳಿದಿದೆ. ಹೊರಗಿನಿಂದ ಫಲಿತಾಂಶದ ಪಟ್ಟಿ ನೋಡುವವನಿಗೆ ಸಂಯುಕ್ತ ಜನತಾದಳ, ಎನ್‌ಸಿಪಿ ಎಂದೆಲ್ಲ ಕಾಣುತ್ತದೆ. ಪಾಟ್ನಾದ ಪಕ್ಷಕ್ಕೂ ಮುಂಬೈಯ ಪಕ್ಷಕ್ಕೂ ಆಂಡ್ರೋತಿನಲ್ಲಿ ಏನು ಕೆಲಸ ಎಂದು ತಲೆ ಕೆರೆದುಕೊಳ್ಳುವ ಅಗತ್ಯವಿಲ್ಲ. ಹಡಗು ಅದೇ, ಬಾವುಟ ಬೇರೆ.

ಇಲ್ಲಿ ಸ್ವಲ್ಪ ದಾರಿ ಬಿಟ್ಟು ಹೋಗಲು ಅನುಮತಿ ಕೊಡಿ. ಚುನಾವಣೆ ಎಂದರೆ ಅಲ್ಲಿ ಶರೀರದ ಮಟ್ಟದಲ್ಲಿ ಏನು ಎಂಬುದು ನನಗೆ ಅರ್ಥವಾದದ್ದು ಕೊಚ್ಚಿಯಿಂದ ಹಡಗಿನಲ್ಲಿ ಒಮ್ಮೆ ಹೋದಾಗ. ಹಡಗು ದ್ವೀಪದ ಹತ್ತಿರ ಹೋಗುವುದಿಲ್ಲ. ಹವಳದ ದಿಬ್ಬದ ಹೊರಗೆ, ಆಳ ನೀರಿನಲ್ಲಿ ನಿಲ್ಲುತ್ತದೆ. ಬದಿಯಲ್ಲಿ, ನೀರಿನ ಮಟ್ಟದಿಂದ ಸ್ವಲ್ಪವೇ ಮೇಲೆ, ಒಂದು ಬಾಗಿಲು ತೆರೆಯುತ್ತಾರೆ. ಕೆಳಗೆ ಒಂದು ದೋಣಿ ಬಂದು ಒತ್ತಿ ನಿಲ್ಲುತ್ತದೆ, ಆದರೆ ನಿಲ್ಲುತ್ತದೆ ಎನ್ನುವುದು ಬರೀ ಮಾತಿಗೆ. ಅಲೆ ಎತ್ತಿದಾಗ ದೋಣಿ ಬಾಗಿಲಿನ ಮಟ್ಟಕ್ಕೆ ಬರುತ್ತದೆ, ಮರುಗಳಿಗೆ ಆಳುದ್ದ ಕೆಳಗೆ ಇಳಿಯುತ್ತದೆ. ಬಾಗಿಲಲ್ಲಿ ಇಬ್ಬರು, ದೋಣಿಯಲ್ಲಿ ಇಬ್ಬರು. ಇವರು ನಿಮ್ಮ ರಟ್ಟೆ ಹಿಡಿದು ಅಲೆಯ ಲೆಕ್ಕ ನೋಡುತ್ತಾರೆ, ‘ಈಗ’ ಎಂದು ಬಿಡುತ್ತಾರೆ, ಅವರು ಹಿಡಿದುಕೊಳ್ಳುತ್ತಾರೆ. ನನ್ನ ಮುಂದೆ ಎಂಬತ್ತರ ಆಸುಪಾಸಿನ ಒಬ್ಬ ಅಜ್ಜಿ ಕೈಯಲ್ಲಿ ಕೊಡೆ ಹಿಡಿದುಕೊಂಡೇ ದಾಟಿದರು. ನಾನು ಕನ್ನಡಕ ಕಳೆದುಕೊಂಡೆ. ಮತಯಂತ್ರವೂ ಮತಗಟ್ಟೆಯ ಸಿಬ್ಬಂದಿಯೂ ಅಭ್ಯರ್ಥಿಯೂ ದ್ವೀಪದಿಂದ ದ್ವೀಪಕ್ಕೆ ಹೋಗಬೇಕಾದದ್ದು ಇಂಥ ಕಡಲಿನ ಮೇಲೆ. ಇತ್ತೀಚೆಗೆ ಹೆಲಿಕಾಪ್ಟರ್ ಇದೆ, 1988ರಿಂದ ಅಗತ್ತಿಯಲ್ಲಿ ವಿಮಾನ ಇಳಿಯುತ್ತದೆ, ಕೆಲವು ದ್ವೀಪಗಳಲ್ಲಿ ಜೆಟ್ಟಿಗಳಾಗಿವೆ. ಆದರೂ ಮೇ ತಿಂಗಳ ನಡುವಿನಿಂದ ಸೆಪ್ಟೆಂಬರ್‌ವರೆಗೆ ಮಳೆಗಾಲದ ಕಡಲು ತನ್ನದೇ ನಿಯಮ ಜಾರಿಗೆ ತರುತ್ತದೆ. ಚುನಾವಣೆ ಆ ಮೊದಲೇ ಮುಗಿಯಬೇಕು.

ಇನ್ನೊಂದು ವಿಷಯ ಮತದಾರರ ಪಟ್ಟಿಯದು. ಲಕ್ಷದ್ವೀಪದಲ್ಲಿ ಅಳಿಯಕಟ್ಟಿನಂಥ ಮಾತೃಮೂಲ ಪದ್ಧತಿ ಇದೆ, ಮರುಮಕ್ಕತ್ತಾಯ ಎನ್ನುತ್ತಾರೆ. ತುಳುನಾಡಿನವರಾದ ನಿಮಗೆ ಇದನ್ನು ವಿವರಿಸಬೇಕಾಗಿಲ್ಲ. ಆದರೆ ಅಲ್ಲಿ ಸಾಂಪ್ರದಾಯಿಕವಾಗಿ ಹೆಂಡತಿ ತನ್ನ ತರವಾಡಿನಲ್ಲೇ ಉಳಿಯುತ್ತಾಳೆ, ಗಂಡ ರಾತ್ರಿ ಬಂದು ಬೆಳಗ್ಗೆ ತನ್ನ ತಾಯಿಮನೆಗೆ ಹಿಂದಿರುಗುತ್ತಾನೆ. ಮದುವೆಯಾದ ಹೆಣ್ಣಿನ ಹೆಸರನ್ನು ಒಂದು ಊರಿನ ಪಟ್ಟಿಯಿಂದ ತೆಗೆದು ಇನ್ನೊಂದಕ್ಕೆ ಸೇರಿಸುವ ಕೆಲಸ ಅಲ್ಲಿ ಕಡಿಮೆ. ತರವಾಡು ಎಂದರೆ ಒಂದು ಮನೆಯಲ್ಲ, ಒಂದು ಮತಗಳ ಗಂಟು. ತಾಯಿ, ಹೆಣ್ಣುಮಕ್ಕಳು, ಅವರ ಮಕ್ಕಳು, ಅಣ್ಣತಮ್ಮಂದಿರು, ಎಲ್ಲರ ಹೆಸರೂ ತಲೆಮಾರಿನಿಂದ ತಲೆಮಾರಿಗೆ ಒಂದೇ ಮತಗಟ್ಟೆಯಲ್ಲಿ. ಬಣ ನಿಷ್ಠೆ ಅರ್ಧ ಶತಮಾನ ಅಲುಗದೆ ಉಳಿದದ್ದಕ್ಕೆ ಇದೂ ಒಂದು ಕಾರಣವಿರಬೇಕೆಂದು ನನ್ನ ಊಹೆ. ಮಿನಿಕಾಯ್ ಮಾತ್ರ ಬೇರೆಯೇ ಲೋಕ. ಉಳಿದವರು ಮಲಯಾಳದ ಜೆಸರಿ ಎಂಬ ಉಪಭಾಷೆ ಆಡಿದರೆ ಮಿನಿಕಾಯಿನವರು ಆಡುವುದು ಮಾಲ್ದೀವಿನ ಧಿವೇಹಿಯ ರೂಪವಾದ ಮಹಲ್. ಅಲ್ಲಿಗೆ ಮತ ಕೇಳಲು ಹೋಗುವವರು ಇನ್ನೊಂದು ಭಾಷೆಯ ನಾಡಿಗೆ ಹೋದಂತೆ.

ಕ್ಷೇತ್ರ ಪರಿಶಿಷ್ಟ ಪಂಗಡಕ್ಕೆ ಮೀಸಲು. ತಾನೂ ತನ್ನ ತಂದೆತಾಯಿಗಳಿಬ್ಬರೂ ದ್ವೀಪದಲ್ಲೇ ಹುಟ್ಟಿದವನೇ ಪರಿಶಿಷ್ಟ ಪಂಗಡದವನು ಎಂಬುದು ಅಲ್ಲಿನ ವ್ಯಾಖ್ಯೆ. ಬುಡಕಟ್ಟಿನ ಹೆಸರಿಲ್ಲ, ಜನ್ಮಸ್ಥಳವೇ ಗುರುತು. ಇದರಿಂದ ಒಂದು ವಿಚಿತ್ರ ತೊಡಕು ಬಂತು. ಹೆರಿಗೆ ಕಷ್ಟವಾದರೆ ಹೆಂಗಸರನ್ನು ಕರೆಯ ಆಸ್ಪತ್ರೆಗೆ ಕಳಿಸುತ್ತಾರೆ. ಅಲ್ಲಿ ಹುಟ್ಟಿದ ಮಗುವಿನ ಗತಿ ಏನು? ಜೀವ ಉಳಿಸಲು ದಡಕ್ಕೆ ಬಂದ ತಾಯಿಯ ಮಗು ಮೀಸಲಾತಿಯ ಹೊರಗೆ ಉಳಿಯಬೇಕೇ? ಮುಂದೆ ತಿದ್ದುಪಡಿ ತಂದು, ಅಂಥ ಮಕ್ಕಳು ದ್ವೀಪದಲ್ಲಿ ಕಾಯಂ ನೆಲೆಸಿದರೆ ಅಲ್ಲೇ ಹುಟ್ಟಿದಂತೆ ಎಂದು ಸರಿಪಡಿಸಿದರು.

ಮತ್ತೆ ದಾರಿಗೆ ಬರುತ್ತೇನೆ. 2004. ಸಯೀದರು ಆಗ ದೊಡ್ಡ ಮನುಷ್ಯರು. ಕೇಂದ್ರದಲ್ಲಿ ರಾಜ್ಯ ಸಚಿವರಾಗಿದ್ದವರು, 1998ರಿಂದ ಎರಡು ಲೋಕಸಭೆಗಳಲ್ಲಿ ಉಪಸಭಾಧ್ಯಕ್ಷರಾಗಿದ್ದವರು. ಹನ್ನೊಂದನೆಯ ಬಾರಿಗೆ ನಿಂತರು. ಎದುರಿಗೆ ಸಂಯುಕ್ತ ಜನತಾದಳದ ಡಾ. ಪಿ. ಪೂಕುಂಞಿ ಕೋಯ. ಸಯೀದರು 71 ಮತಗಳಿಂದ ಸೋತರು. ಒಂದು ಮದುವೆ ದಿಬ್ಬಣದ ಜನ. ಎರಡು ಮೂರು ತರವಾಡುಗಳ ಮುನಿಸು. ಮೂವತ್ತೇಳು ವರ್ಷಗಳ ಪಟ್ಟ ಹೋಗಲು ಅಷ್ಟು ಸಾಕಾಯಿತು. ಮುಂದಿನದು ಇನ್ನೂ ಸೋಜಿಗ. ದೆಹಲಿಯಲ್ಲಿ ಅಧಿಕಾರಕ್ಕೆ ಬಂದದ್ದು ಕಾಂಗ್ರೆಸ್ ನೇತೃತ್ವದ ಸರ್ಕಾರ. ಸೋತ ಸಯೀದರು ಮನಮೋಹನ ಸಿಂಗ್ ಸಂಪುಟದಲ್ಲಿ ಇಂಧನ ಸಚಿವರಾದರು, ದೆಹಲಿಯಿಂದ ರಾಜ್ಯಸಭೆಗೆ ಬಂದರು. ಗೆದ್ದವರು ವಿರೋಧ ಪಕ್ಷದ ಸಾಲಿನಲ್ಲಿ ಕುಳಿತರು. ದ್ವೀಪಕ್ಕೆ ಒಬ್ಬ ಸಂಸದನೂ ಇದ್ದ, ಒಬ್ಬ ಸಂಪುಟ ಸಚಿವನೂ ಇದ್ದ, ಇಬ್ಬರೂ ಎದುರುಬದುರು. 2005ರ ಡಿಸೆಂಬರಿನಲ್ಲಿ ಸಯೀದರು ದಕ್ಷಿಣ ಕೊರಿಯಾದ ಸೋಲ್ ನಗರದಲ್ಲಿ ತೀರಿಕೊಂಡರು.

2009ರಲ್ಲಿ ಅವರ ಮಗ ಹಮ್ದುಲ್ಲಾ ಸಯೀದ್ ಕಾಂಗ್ರೆಸ್ಸಿನಿಂದ ನಿಂತು, ಎನ್‌ಸಿಪಿಗೆ ಬಂದಿದ್ದ ಪೂಕುಂಞಿ ಕೋಯ ಅವರನ್ನು 2,198 ಮತಗಳಿಂದ ಸೋಲಿಸಿದರು. ತಂದೆಯಂತೆ ಮಗನೂ ಎಳೆಯ ವಯಸ್ಸಿನವರೇ, ಆ ಲೋಕಸಭೆಯ ಅತಿ ಕಿರಿಯ ಸದಸ್ಯ. 2014ರಲ್ಲಿ ಎನ್‌ಸಿಪಿಯ ಮೊಹಮ್ಮದ್ ಫೈಸಲ್ 1,535 ಮತಗಳಿಂದ ಗೆದ್ದರು, 2019ರಲ್ಲಿ ಅದೇ ಫೈಸಲ್ 823 ಮತಗಳಿಂದ. ಆ ವರ್ಷ ದೇಶದಲ್ಲಿ 303 ಸ್ಥಾನ ಗೆದ್ದ ಬಿಜೆಪಿಗೆ ಇಲ್ಲಿ ಬಿದ್ದದ್ದು 125 ಮತ.

ಇಷ್ಟು ಕಡಿಮೆ ಅಂತರವಿರುವಲ್ಲಿ ಒಂದು ತೊಂದರೆ ಇದೆ. ಪ್ರತಿಯೊಂದು ಮತಗಟ್ಟೆಯ ಲೆಕ್ಕ ಬೇರೆಬೇರೆಯಾಗಿ ಪ್ರಕಟವಾಗುತ್ತದೆ. ಬಿತ್ರ ದ್ವೀಪದ ಜನಸಂಖ್ಯೆ 2011ರಲ್ಲಿ 271. ಅಂಥ ಕಡೆ ಯಾರು ಯಾರಿಗೆ ಹಾಕಿದರೆಂದು ಊಹಿಸಲು ದೊಡ್ಡ ವಿದ್ಯೆ ಬೇಡ. ಕಾಗದದ ಮತಪತ್ರಗಳ ಕಾಲದಲ್ಲಿ, ಆಯೋಗ ಹೇಳಿದರೆ, ಹಲವು ಪೆಟ್ಟಿಗೆಗಳ ಮತಪತ್ರಗಳನ್ನು ಬೆರೆಸಿ ಎಣಿಸಲು ನಿಯಮದಲ್ಲಿ ಅವಕಾಶವಿತ್ತು. ಮತಯಂತ್ರ ಬಂದ ಮೇಲೆ ಆ ಮರೆ ಹೋಯಿತು. ಹಲವು ಯಂತ್ರಗಳ ಮತಗಳನ್ನು ಒಟ್ಟುಗೂಡಿಸಿ ತೋರಿಸುವ ಟೋಟಲೈಸರ್ ಎಂಬ ಸಾಧನವನ್ನು ಚುನಾವಣಾ ಆಯೋಗ ಬಹಳ ಹಿಂದೆಯೇ ಸೂಚಿಸಿತ್ತು, ಕೇಂದ್ರ ಸರ್ಕಾರ ಒಪ್ಪಲಿಲ್ಲ. ದೊಡ್ಡ ಕ್ಷೇತ್ರದವರಿಗೆ ಇದು ತಾಂತ್ರಿಕ ಚರ್ಚೆ. ಬಿತ್ರದವನಿಗೆ ಮರುದಿನ ಅಂಗಡಿಯಲ್ಲಿ ಯಾರು ಮಾತನಾಡಿಸುತ್ತಾರೆ, ಯಾರು ಮುಖ ತಿರುಗಿಸುತ್ತಾರೆ ಎಂಬ ಪ್ರಶ್ನೆ.

ಮುಖ ತಿರುಗಿಸುವುದು ಹೊಡೆದಾಟದವರೆಗೆ ಹೋದದ್ದೂ ಇದೆ. 2009ರ ಚುನಾವಣೆಯ ವೇಳೆ ಸಯೀದ್ ಕುಟುಂಬದ ಸಂಬಂಧಿಯೊಬ್ಬರ ಮೇಲೆ ನಡೆದ ಹಲ್ಲೆಯ ಪ್ರಕರಣದಲ್ಲಿ, ಹದಿಮೂರು ಹದಿನಾಲ್ಕು ವರ್ಷಗಳ ಅನಂತರ, 2023ರ ಜನವರಿ 11ರಂದು ಕವರತ್ತಿಯ ಸೆಷನ್ಸ್ ನ್ಯಾಯಾಲಯ ಫೈಸಲ್ ಮತ್ತು ಇತರ ಮೂವರಿಗೆ ಕೊಲೆಯತ್ನದ ಆರೋಪದಲ್ಲಿ ಹತ್ತು ವರ್ಷಗಳ ಶಿಕ್ಷೆ ವಿಧಿಸಿತು. ಲೋಕಸಭಾ ಸಚಿವಾಲಯ ಎರಡೇ ದಿನಗಳಲ್ಲಿ ಅವರ ಸದಸ್ಯತ್ವ ರದ್ದಾಗಿದೆಯೆಂದು ಪ್ರಕಟಿಸಿತು. ಚುನಾವಣಾ ಆಯೋಗ ಫೆಬ್ರುವರಿ 27ಕ್ಕೆ ಉಪಚುನಾವಣೆ ಘೋಷಿಸಿತು. ಜನವರಿ 25ರಂದು ಕೇರಳ ಹೈಕೋರ್ಟ್ ತೀರ್ಪನ್ನು ಅಮಾನತಿನಲ್ಲಿಟ್ಟಿತು. ಉಪಚುನಾವಣೆ ನಿಂತಿತು. ಆದರೆ ಸದಸ್ಯತ್ವ ಮರಳಲು ಮಾರ್ಚ್ 29ರವರೆಗೆ ಕಾಯಬೇಕಾಯಿತು. ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ಹೈಕೋರ್ಟಿನ ಆದೇಶವನ್ನು ಬದಿಗಿಟ್ಟು ಮರುಪರಿಶೀಲನೆಗೆ ಕಳಿಸಿತು. ಅಕ್ಟೋಬರ್ 3ರಂದು ಹೈಕೋರ್ಟ್ ಅಪರಾಧ ನಿರ್ಣಯಕ್ಕೆ ತಡೆ ಕೊಡಲು ಒಪ್ಪಲಿಲ್ಲ, ಮರುದಿನವೇ ಸದಸ್ಯತ್ವ ಮತ್ತೆ ಹೋಯಿತು. ಅಕ್ಟೋಬರ್ 9ರಂದು ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಕೊಟ್ಟಿತು, ನವೆಂಬರ್ 2ರಂದು ಸದಸ್ಯತ್ವ ಮತ್ತೆ ಬಂತು. ಒಂದೇ ವರ್ಷದಲ್ಲಿ ಎರಡು ಬಾರಿ ಅನರ್ಹ, ಎರಡು ಬಾರಿ ಅರ್ಹ. ಕಾನೂನಿನ ವಿದ್ಯಾರ್ಥಿಗಳು ಇದನ್ನು ಓದಬೇಕು. ನಾನು ಕೇಳುವುದು ಬೇರೆ. ಒಬ್ಬನೇ ಪ್ರತಿನಿಧಿಯಿರುವ ಜನಕ್ಕೆ ಆ ತಿಂಗಳುಗಳಲ್ಲಿ ಯಾರಿದ್ದರು?

ಅದೂ ಎಂಥ ಕಾಲದಲ್ಲಿ? 2020ರ ಡಿಸೆಂಬರಿನಲ್ಲಿ ಪ್ರಫುಲ್ ಖೋಡಾ ಪಟೇಲ್ ಅಡ್ಮಿನಿಸ್ಟ್ರೇಟರಾಗಿ ಬಂದ ಮೇಲೆ ಒಂದರ ಹಿಂದೊಂದು ಕರಡು ನಿಯಮಾವಳಿಗಳು ಹೊರಟವು. ಭೂಮಿಯನ್ನು ಅಭಿವೃದ್ಧಿಗಾಗಿ ವಶಪಡಿಸಿಕೊಳ್ಳುವ ಅಧಿಕಾರ, ಗೂಂಡಾ ಕಾಯ್ದೆ, ಗೋಹತ್ಯೆ ನಿರ್ಬಂಧ, ಇಬ್ಬರಿಗಿಂತ ಹೆಚ್ಚು ಮಕ್ಕಳಿದ್ದವರು ಪಂಚಾಯತಿಗೆ ನಿಲ್ಲಬಾರದೆಂಬ ಪ್ರಸ್ತಾವ. 2021ರ ಜೂನ್ 7ರಂದು ದ್ವೀಪದವರು ತಮ್ಮ ಮನೆಗಳಲ್ಲೇ ಹನ್ನೆರಡು ಗಂಟೆ ಉಪವಾಸ ಕುಳಿತರು. ಅದಕ್ಕೆ ಒಂದು ವಾರ ಮೊದಲು ಕೇರಳದ ವಿಧಾನಸಭೆ ಅವರ ಪರವಾಗಿ ಸರ್ವಾನುಮತದ ನಿರ್ಣಯ ಮಾಡಿತು. ತನಗೆ ವಿಧಾನಸಭೆಯೇ ಇಲ್ಲದ ಪ್ರದೇಶದ ದುಃಖವನ್ನು ಪಕ್ಕದ ರಾಜ್ಯದ ವಿಧಾನಸಭೆ ಮಾತಾಗಿಸಬೇಕಾಯಿತು. ಆಗಲೇ ಕೇರಳದ ಬೇಪೂರು ಬಂದರಿನ ಬದಲು ಸರಕು ಸಾಗಣೆಯನ್ನು ಮಂಗಳೂರಿಗೆ ತಿರುಗಿಸುವ ಯೋಚನೆಯೂ ಬಂತು, ನಮ್ಮ ಪತ್ರಿಕೆಗಳಲ್ಲಿ ಅದು ಹಳೆ ಬಂದರಿಗೆ ಒಳ್ಳೆಯ ಸುದ್ದಿಯಾಗಿ ಬಂತು. ಹುರಿ ಕೊಟ್ಟು ಅಕ್ಕಿ ಒಯ್ದ ಹಳೆಯ ದಾರಿ ಮತ್ತೆ ತೆರೆದರೆ ನನಗೂ ಸಂತೋಷವೇ. ಆದರೆ ತಮ್ಮನ್ನು ಕೇಳದೆ ದಾರಿ ಬದಲಿಸುತ್ತಿದ್ದಾರೆಂಬುದು ಅವರ ಸಂಕಟವಾಗಿತ್ತು. ಬಂದರು ಯಾವುದೆಂಬುದು ಅವರಿಗೆ ಎರಡನೆಯ ಮಾತು.

2024ರ ಜನವರಿಯಲ್ಲಿ ಪ್ರಧಾನಿ ನರೇಂದ್ರ ಮೋದಿಯವರು ಲಕ್ಷದ್ವೀಪಕ್ಕೆ ಬಂದು ಹೋದದ್ದು ನಿಮಗೆ ನೆನಪಿರಬಹುದು. ಹವಳದ ನೀರಿನಲ್ಲಿ ಮುಳುಗು ಹಾಕಿದ ಆ ಚಿತ್ರಗಳಿಂದ ದೇಶದಲ್ಲೆಲ್ಲ ದ್ವೀಪದ ಹೆಸರಾಯಿತು, ಮಾಲ್ದೀವಿನೊಂದಿಗೆ ಜಗಳವೂ ಆಯಿತು. ಏಪ್ರಿಲ್ 19ರಂದು ಮತದಾನ. ಬಿಜೆಪಿ ತಾನು ನಿಲ್ಲದೆ ಅಜಿತ್ ಪವಾರರ ಎನ್‌ಸಿಪಿ ಅಭ್ಯರ್ಥಿಗೆ ಬೆಂಬಲ ಕೊಟ್ಟಿತ್ತು. ಆ ಅಭ್ಯರ್ಥಿಗೆ ಬಂದದ್ದು 201 ಮತ. ಉಳಿದ ಮತಗಳೆಲ್ಲ ಹೆಚ್ಚುಕಡಿಮೆ ಹಳೆಯ ಎರಡು ಬಣಗಳಿಗೇ ಹೋದವು. ಹಮ್ದುಲ್ಲಾ ಸಯೀದರಿಗೆ 25,726, ಶರದ್ ಪವಾರರ ಕಡೆಯ ಫೈಸಲ್‌ಗೆ 23,079. ಅಂತರ 2,647. ಅಡ್ಮಿನಿಸ್ಟ್ರೇಟರ ವಿರುದ್ಧ ಇಬ್ಬರೂ ಒಂದೇ ಮಾತನ್ನಾಡುತ್ತಿದ್ದರು. ಹಾಗಾಗಿ ಜನ ತೀರ್ಮಾನಿಸಬೇಕಾದದ್ದು ಆ ಮಾತನ್ನು ಯಾರು ಗಟ್ಟಿಯಾಗಿ, ಅಡೆತಡೆಯಿಲ್ಲದೆ ಆಡಬಲ್ಲರು ಎಂಬುದನ್ನು ಮಾತ್ರ. ಸದಸ್ಯತ್ವದ ಮೇಲೆ ಕೋರ್ಟಿನ ಕತ್ತಿ ತೂಗುತ್ತಿದ್ದವರಿಗೆ ಇದರಿಂದ ನಷ್ಟವಾಯಿತೆಂದು ನನಗೆ ತೋರುತ್ತದೆ.

2025ರ ಜುಲೈನಲ್ಲಿ ದ್ವೀಪದ ಕಂದಾಯ ಇಲಾಖೆಯಿಂದ ಒಂದು ಅಧಿಸೂಚನೆ ಬಂತು. ರಕ್ಷಣಾ ಉದ್ದೇಶಕ್ಕಾಗಿ ಬಿತ್ರ ದ್ವೀಪವನ್ನು ಪೂರ್ತಿಯಾಗಿ ವಶಪಡಿಸಿಕೊಳ್ಳುವ ಪ್ರಸ್ತಾವ, ಅದಕ್ಕೆ ಮೊದಲ ಹೆಜ್ಜೆಯಾಗಿ ಸಾಮಾಜಿಕ ಪರಿಣಾಮದ ಅಧ್ಯಯನ. ನಮ್ಮ ಹಳೆಯ ಜಿಲ್ಲೆಯ ಅತಿ ಚಿಕ್ಕ ದ್ವೀಪ ಅದು, ನೂರರಷ್ಟು ಕುಟುಂಬಗಳ ಊರು. ಹಮ್ದುಲ್ಲಾ ಸಯೀದರು ವಿರೋಧಿಸಿದರು, ಜನರ ಒಪ್ಪಿಗೆಯಿಲ್ಲದೆ ಇದು ಆಗಕೂಡದೆಂದರು. ಪ್ರತಿ ಚುನಾವಣೆಯಲ್ಲೂ ಕವರತ್ತಿಯಿಂದ ಒಂದು ತಂಡ ಮತಯಂತ್ರ ಹೊತ್ತು ಕಡಲು ದಾಟಿ, ಅಲ್ಲಿನ ಇನ್ನೂರ ಚಿಲ್ಲರೆ ಮತದಾರರಿಗಾಗಿ ಒಂದು ಮತಗಟ್ಟೆ ತೆರೆದು, ಸಂಜೆ ಮುಚ್ಚಿಕೊಂಡು ಬರುತ್ತದೆ. ಮುಂದಿನ ಬಾರಿ ಆ ತಂಡಕ್ಕೆ ಬಿತ್ರದಲ್ಲಿ ಇಳಿಯುವ ಕೆಲಸ ಇರುತ್ತದೆಯೋ ಇಲ್ಲವೋ ಎಂಬುದು ಈಗ ಕಡತದಲ್ಲಿದೆ.